ಹ್ಯಾಮ್ ಕೋಣೆಗೆ ಸಿಡಿಲಿನ ಕಾವಲು: ಎಲ್ಲಕ್ಕೂ ಒಂದೇ ಅರ್ಥ್

ಯುಗಾದಿ ಕಳೆದು ಮೊದಲ ಗುಡುಗು ಕೇಳಿಸುವಷ್ಟರಲ್ಲಿ, ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿರುವ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಅರ್ಥಿಂಗ್ ಕೆಲಸ ಮುಗಿಸಿರಬೇಕು. ನೇರವಾಗಿ ಎರಗುವ ಸಿಡಿಲಿನಿಂದ ಟ್ರಾನ್ಸೀವರ್ (ಸಂದೇಶ ಕಳಿಸಿ, ಪಡೆಯುವ ರೇಡಿಯೊ ಸೆಟ್) ಉಳಿದೀತೆಂದು ಯಾರೂ ಭರವಸೆ ಕೊಡಲಾರರು. ಆದರೆ ಸಮೀಪದಲ್ಲೆಲ್ಲೋ ಬಿದ್ದ ಸಿಡಿಲು ನಮ್ಮ ತಂತಿಗಳಲ್ಲಿ ಹುಟ್ಟಿಸುವ ವೋಲ್ಟೇಜನ್ನು ಬಹುಮಟ್ಟಿಗೆ ತಡೆಯಬಹುದು.

ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮನೆಯ ಅರ್ಥ್ ಗುಂಡಿಯನ್ನು ಅರ್ಥ್ ಟೆಸ್ಟರ್‌ನಲ್ಲಿ ಅಳೆಯಿಸಿ. ಸಿಡಿಲಿನ ರಕ್ಷಣೆಗೆ 10 ಓಮ್‌ಗಿಂತ ಕಡಿಮೆ ಇರುವುದು ಒಳ್ಳೆಯದು. ಕರಾವಳಿಯ ಮುರಕಲ್ಲಿನ ನೆಲದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಒಂದೇ ಸರಳಿನಿಂದ ಇದು ಕಷ್ಟ. 3 ಮೀಟರ್ ಉದ್ದದ ತಾಮ್ರಲೇಪಿತ ಸರಳುಗಳನ್ನು ಸುಮಾರು 6 ಮೀಟರ್ ಅಂತರದಲ್ಲಿ ಇಳಿಸಿ, ಒಂದಕ್ಕೊಂದು ಜೋಡಿಸಿ. ಹತ್ತಿರ ಹತ್ತಿರ ನೆಟ್ಟರೆ ಅವು ಒಂದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ರೇಡಿಯೊಗೆಂದು ಬೇರೆ ಗುಂಡಿ ತೋಡಿ, ಅದನ್ನು ಮನೆಯ ಅರ್ಥ್‌ಗೆ ಸೇರಿಸದೆ ಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ನಾನೂ ಹಾಗೆಯೇ ಮಾಡಿದ್ದೆ. ಅಂದು ಆಂಟೆನಾದಿಂದ ಸೆಟ್ಟಿಗೆ ಬರುವ ಕೋಆಕ್ಸ್ ಕೇಬಲ್ ಬಿಚ್ಚಿಟ್ಟಿದ್ದೆ. ಆದರೆ ಸೆಟ್ಟಿನ ಬೆನ್ನಿನ ಅರ್ಥ್ ತಂತಿ ಹೊಸ ಗುಂಡಿಗೂ, ಪವರ್ ಸಪ್ಲೈನ ಮೂರನೆಯ ಪಿನ್ ಹಳೆಯ ಗುಂಡಿಗೂ ಹೋಗಿದ್ದವು. ಬೀದಿಯಾಚೆಯ ತೆಂಗಿನ ಮರಕ್ಕೆ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಉಂಟಾದ ವೋಲ್ಟೇಜ್ ವ್ಯತ್ಯಾಸ ನನ್ನ ಮೇಜಿನ ಮೇಲಿಂದಲೇ ಹಾದುಹೋಯಿತು. ಪವರ್ ಸಪ್ಲೈ ತೆರೆದು ನೋಡಿದರೆ ಬೋರ್ಡಿನ ಮೇಲಿನ ತಾಮ್ರದ ಗೆರೆ ಇದ್ದ ಜಾಗದಲ್ಲಿ ಮಸಿಯ ಗೆರೆ ಮಾತ್ರ ಉಳಿದಿತ್ತು. ಎರಡೂ ಗುಂಡಿಗಳನ್ನು ಕನಿಷ್ಠ 16 ಚದರ ಮಿಲಿಮೀಟರಿನ ತಾಮ್ರದ ತಂತಿಯಿಂದ ಬೆಸೆಯಿಸಿ.

ಕೇಬಲ್‌ಗಳು ಗೋಡೆ ದಾಟುವಲ್ಲಿ, ಹೊರಮೈಗೆ ಲೋಹದ ತಟ್ಟೆಯೊಂದನ್ನು ಕೂರಿಸಿ, ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್‌ಗಳನ್ನು (ಹೆಚ್ಚಿನ ವೋಲ್ಟೇಜನ್ನು ಅರ್ಥ್‌ಗೆ ಹರಿಸುವ ಸಾಧನಗಳು) ಅದಕ್ಕೇ ಬಿಗಿಯಿರಿ. ಆಂಟೆನಾ ತಿರುಗಿಸುವ ಮೋಟರಿನ ತಂತಿಯನ್ನು ಮರೆಯಬೇಡಿ. ತಟ್ಟೆಯಿಂದ ಗುಂಡಿಗೆ ಅಗಲವಾದ ತಾಮ್ರದ ಪಟ್ಟಿ ನೇರವಾಗಿ, ಚೂಪಾದ ತಿರುವುಗಳಿಲ್ಲದೆ ಇಳಿಯಬೇಕು. ತಂತಿಯ ಪ್ರತಿ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಹಠಾತ್ ಬದಲಾವಣೆಯನ್ನು ತಡೆಯುವ ಗುಣ) ಇರುತ್ತದೆ. ಸಿಡಿಲಿನ ಕರೆಂಟು ಮೈಕ್ರೋಸೆಕೆಂಡಿಗೆ 10,000 ಆಂಪಿಯರ್‌ನಂತೆ ಏರಿದರೆ ಒಂದೊಂದು ಮೀಟರಿಗೂ 10,000 ವೋಲ್ಟ್ ನಿಲ್ಲುತ್ತದೆ. ಮಹಡಿಯ ಕೋಣೆಯಲ್ಲಿ ಅರ್ಥ್ ಎಂಬುದು ಆ ಕ್ಷಣಕ್ಕೆ ಸೊನ್ನೆಯಲ್ಲವೆಂದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ಸೆಟ್, ಪವರ್ ಸಪ್ಲೈ, ಕಂಪ್ಯೂಟರ್ ಎಲ್ಲವನ್ನೂ ಒಂದೇ ಪಟ್ಟಿಗೆ ಕಟ್ಟಿ: ಏರುವುದಾದರೆ ಎಲ್ಲವೂ ಒಟ್ಟಿಗೆ ಏರಲಿ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೇಲೆ ತಾಮ್ರವನ್ನು ನೇರವಾಗಿ ಬಿಗಿದರೆ ಮಳೆಗಾಲದಲ್ಲಿ ತುಕ್ಕು ಹತ್ತುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲ್ ತುಂಡಿರಲಿ. ಕರೆಂಟಿನ ದಾರಿಯಿಂದ ಬರುವ ಸರ್ಜ್‌ಗೆ (ಹಠಾತ್ ವೋಲ್ಟೇಜ್ ಏರಿಕೆಗೆ) ಮನೆಯ ವಿದ್ಯುತ್ ವಿತರಣಾ ಪೆಟ್ಟಿಗೆಯಲ್ಲಿ (ಡಿಬಿ) ಎಸ್‌ಪಿಡಿ ಎಂಬ ಸರ್ಜ್ ತಡೆ ಸಾಧನ ಹಾಕಿಸಿ.

ಇಷ್ಟಾದರೂ ಮೋಡ ಕಟ್ಟುವ ಮುನ್ನವೇ ಪ್ಲಗ್ಗು, ಲ್ಯಾನ್, ಕೋಆಕ್ಸ್ ಎಲ್ಲವನ್ನೂ ಬಿಚ್ಚಿ, ಕೋಆಕ್ಸ್ ತುದಿಯನ್ನು ಕೋಣೆಯ ಹೊರಗೇ ಬಿಡಿ. ತುದಿಯನ್ನು ಗಾಜಿನ ಬಾಟಲಿಯಲ್ಲಿಟ್ಟರೆ ಸಾಕೆನ್ನುವವರು ಇನ್ನೂ ಇದ್ದಾರೆ; ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ಬಾಟಲಿ ಯಾವ ಲೆಕ್ಕ? ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿರುವ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ನೀಡುತ್ತದೆ. ಗುಡುಗು ಆಗಲೇ ಕೇಳಿಸುತ್ತಿದ್ದರೆ ಮಾತ್ರ ಯಾವ ಕೇಬಲನ್ನೂ ಮುಟ್ಟಲು ಹೋಗದೆ ಕೋಣೆಯಿಂದ ಹೊರಬನ್ನಿ.