ಸೂಪರ್ ಅನ್ನಬೇಡಿ, ಫ್ರೇಮ್ ನಂಬರ್ ಹೇಳಿ

ನಮ್ಮ ಆನಿಮೇಷನ್ ಗುಂಪಿನಲ್ಲಿ ಯಾರಾದರೂ ವಿಡಿಯೋ ಹಾಕಿದರೆ ‘ಸೂಪರ್’ ಅನ್ನುವ ಹಾಗಿಲ್ಲ. ಹೆಬ್ಬೆರಳೂ ಬೇಡ, ಚಪ್ಪಾಳೆಯೂ ಬೇಡ. ಎಷ್ಟನೇ ಫ್ರೇಮಿನಲ್ಲಿ, ಅಂದರೆ ವಿಡಿಯೋದ ಎಷ್ಟನೇ ಬಿಡಿ ಚಿತ್ರದಲ್ಲಿ, ಏನು ಕಂಡಿತು ಅಂತ ಹೇಳಬೇಕು. ಉಡುಪಿಯಲ್ಲಿ ಕೂತು ನಾನು ನಡೆಸುವ ಈ ಗುಂಪಿಗೆ ಇದಕ್ಕಿಂತ ದೊಡ್ಡ ನಿಯಮ ಇಲ್ಲ.

ಇಲ್ಲಿ ಸ್ಟುಡಿಯೋದವರು ಯಾರೂ ಇಲ್ಲ. ಕುಂದಾಪುರದ ಬ್ಯಾಂಕ್ ನೌಕರರು, ಸುರತ್ಕಲ್‌ನ ಮೆಡಿಕಲ್ ಅಂಗಡಿಯವರು, ಮಣಿಪಾಲದ ಹುಡುಗರು, ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಫ್ಲಿಪಾಕ್ಲಿಪ್ ಎಂಬ ಆನಿಮೇಷನ್ ಆ್ಯಪ್ ತೆರೆಯುವ ಕಾರ್ಕಳದ ಒಬ್ಬ ಅಮ್ಮ. ಲ್ಯಾಪ್‌ಟಾಪ್ ಇದ್ದವರದು ಬ್ಲೆಂಡರ್, ಕ್ರಿಟಾ. ಎರಡೂ ಉಚಿತ ಸಾಫ್ಟ್‌ವೇರ್. ಯಾವುದು ಒಳ್ಳೆಯದು ಎಂಬ ಜಗಳ ಶುರುವಾದರೆ ಮಾತ್ರ ನಾನು ನಡುವೆ ಬರುತ್ತೇನೆ. ಆ ಜಗಳದಿಂದ ಒಂದು ಚಿತ್ರವೂ ಹುಟ್ಟಿದ್ದನ್ನು ನಾನು ನೋಡಿಲ್ಲ.

ಹೊಸಬರು ಹೆಚ್ಚಾಗಿ ಹತ್ತು ನಿಮಿಷದ ಕಥೆ ಹಿಡಿದುಕೊಂಡೇ ಬರುತ್ತಾರೆ. ಅವರಿಗೆ ಲೆಕ್ಕ ಹೇಳುತ್ತೇನೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷಕ್ಕೆ 7,200. ರಾತ್ರಿ ಊಟ ಆದ ಮೇಲೆ ಬಿಡಿಸಲು ಕೂರುವವರಿಗೆ ಇದು ಆಗುವ ಮಾತಾ? ಮೊದಲು ಮೂರು ಸೆಕೆಂಡಿನ ಪುಟಿಯುವ ಚೆಂಡು ಮಾಡಿ ಅನ್ನುತ್ತೇನೆ. ಮೇಲೆ ಹೋದಾಗ ಚೆಂಡು ನಿಧಾನ, ಹಾಗಾಗಿ ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಬರಬೇಕು. ನೆಲದ ಹತ್ತಿರ ವೇಗ ಜಾಸ್ತಿ, ಅಲ್ಲಿ ದೂರ ದೂರ. ಇಷ್ಟು ಕೈಗೆ ಹತ್ತಿದರೆ ಮುಂದಿನದ್ದಕ್ಕೆ ದಾರಿ ತಾನಾಗಿ ಕಾಣುತ್ತದೆ.

ಇನ್ನು ಫ್ರೇಮ್ ನಂಬರ್ ವಿಷಯ. ‘ಚೆಂದ ಉಂಟು, ಆದ್ರೆ ಎಂತದೋ ಸರಿ ಇಲ್ಲ ಮಾರಾಯ್ರೆ’ ಅಂದರೆ ಬಿಡಿಸಿದವರು ಎಲ್ಲಿ ತಿದ್ದಬೇಕು? ‘14ರಿಂದ 18ರವರೆಗೆ ಎಡಗಾಲು ನೆಲದಲ್ಲಿ ಜಾರುತ್ತಿದೆ’ ಅಂದರೆ ಅದೇ ರಾತ್ರಿ ತಿದ್ದುತ್ತಾರೆ. ಇದಕ್ಕೆ ಎಲ್ಲರ ಕಣ್ಣಿಗೂ ಒಂದೇ ನಂಬರ್ ಕಾಣಬೇಕು. ಬ್ಲೆಂಡರ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಮೆಟಾಡೇಟಾ ಎಂಬಲ್ಲಿ ‘ಬರ್ನ್ ಇಂಟು ಇಮೇಜ್’ ಒತ್ತಿದರೆ ಫ್ರೇಮ್ ನಂಬರ್ ಚಿತ್ರದ ಮೇಲೇ ಅಚ್ಚಾಗುತ್ತದೆ. ಫೋನಿನವರು ಮೂಲೆಯಲ್ಲಿ ಕೈಯಲ್ಲೇ ಬರೆಯುತ್ತಾರೆ. ನೋಡುವವರು ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ‘ಇ’ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಸರಿಸಬಹುದು. ವಾಟ್ಸಾಪ್‌ನಲ್ಲಿ ಸುಮ್ನೆ ವಿಡಿಯೋ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ತೆಳು ಗೆರೆಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಬೇಕು.

ಹೊಗಳುವುದಕ್ಕೂ ಇದೇ ನಿಯಮ. 31ನೇ ಫ್ರೇಮಿನ ಕಣ್ಣು ಇಷ್ಟವಾಯಿತು ಅಂದರೆ, ಆ ಮನುಷ್ಯ ನಿಜವಾಗಿ ನೋಡಿದ್ದಾನೆ ಅಂತ ಗೊತ್ತಾಗುತ್ತದೆ ಅಲ್ವಾ?

ಅಭ್ಯಾಸಕ್ಕೆ ನಾನು ಕೊಡುವುದೆಲ್ಲ ನಮ್ಮ ಊರಲ್ಲೇ ಸಿಗುವಂಥದ್ದು. ಭಾರ ತೋರಿಸುವುದು ಕಷ್ಟ, ಅದಕ್ಕೆ ಪಿಲಿವೇಷಕ್ಕಿಂತ, ಅಂದರೆ ಹುಲಿವೇಷಕ್ಕಿಂತ, ಒಳ್ಳೆಯ ಪಾಠ ಇಲ್ಲ. ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವವರನ್ನು ನೋಡಿ. ಎಸೆತ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಅದಕ್ಕೆ ಮೊದಲು ಕಾಲು ಅಗಲವಾಗುತ್ತದೆ, ಸೊಂಟ ಬಗ್ಗುತ್ತದೆ, ಕುತ್ತಿಗೆ ಬಿಗಿಯುತ್ತದೆ. ಆ ತಯಾರಿಗೆ ಚಿತ್ರ ಕಡಿಮೆ ಮಾಡಿದರೆ ಮುಡಿಯೊಳಗೆ ಅಕ್ಕಿಯಲ್ಲ, ಹತ್ತಿ ಇದ್ದ ಹಾಗೆ ಕಾಣುತ್ತದೆ. ಎಸೆದ ಮೇಲೆ ಮೈ ತೂಗಿ ನಿಲ್ಲುವುದನ್ನೂ ಬಿಡಬಾರದು. ನವರಾತ್ರಿಯಲ್ಲಿ ಎಲ್ಲರಿಗೂ ಫೋನಿನ ಸ್ಲೋ ಮೋಷನ್‌ನಲ್ಲಿ ಇದನ್ನು ಹಿಡಿದು ತರಲು ಹೇಳುತ್ತೇನೆ.

ಯಕ್ಷಗಾನದ ತೆಂಕು (ದಕ್ಷಿಣದ) ತಿಟ್ಟಿನ ದಿಗಿಣ, ಅಂದರೆ ಹಾರಿ ತಿರುಗುವ ಕುಣಿತ, ಇದಕ್ಕೆ ಉಲ್ಟಾ. ಗಿರಗಿರ ತಿರುಗುವಲ್ಲಿ ಎರಡು ಫ್ರೇಮಿಗೊಂದು ಚಿತ್ರ ಸಾಲದು, ವೇಷ ತುಂಡು ತುಂಡಾಗಿ ಹಾರಿದ ಹಾಗೆ ಕಾಣುತ್ತದೆ. ಅಲ್ಲಿ ಮಾತ್ರ ಫ್ರೇಮಿಗೊಂದು ಚಿತ್ರ ಬಿಡಿಸಲೇಬೇಕು. ಹಾಗಂತ ಇಡೀ ತುಣುಕನ್ನು ಹಾಗೇ ಮಾಡಿದರೆ ನಿಂತ ವೇಷವೂ ನೀರಲ್ಲಿ ತೇಲಿದಂತೆ ಆಗುತ್ತದೆ. ನನ್ನ ಮಟ್ಟಿಗೆ ಇದು ಇನ್ನೂ ಬಗೆಹರಿಯದ ಚರ್ಚೆ; ಬಡಗು (ಉತ್ತರದ) ತಿಟ್ಟಿನ ಮಂಡಿ ಕುಣಿತ ಬಿಡಿಸುವವರು ನನ್ನ ಮಾತು ಒಪ್ಪುವುದಿಲ್ಲ.

ಚಳಿಗಾಲ, ಬೇಸಿಗೆಯಲ್ಲಿ ಗುಂಪು ತಣ್ಣಗಿರುತ್ತದೆ. ಯಕ್ಷಗಾನದ ಆಟ, ಭೂತಕೋಲ, ಮದುವೆ ಅಂತ ಎಲ್ಲರೂ ಹೊರಗೆ. ನಾನೂ ಒತ್ತಾಯ ಮಾಡುವುದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿ, ಮಳೆ ಹಿಡಿದ ಮೇಲೆ ನಮ್ಮ ರಿಲೇ ಶುರು. ಒಬ್ಬರು ಐದು ಸೆಕೆಂಡ್ ಮಾಡುತ್ತಾರೆ. ಅವರ ಕೊನೆಯ ಚಿತ್ರದಿಂದ ಮುಂದಿನವರು ಹೊರಡಬೇಕು. ಕಥೆ ಯಾರಿಗೂ ಗೊತ್ತಿರುವುದಿಲ್ಲ. ಮಲ್ಪೆಯ ದೋಣಿಯೊಂದು ಹಾಗೇ ನೀರುದೋಸೆ ಆದದ್ದುಂಟು.

ಇಲ್ಲಿ ಮಾತ್ರ ನಾನು ಬಿಗಿ. ಒಬ್ಬರು 24, ಇನ್ನೊಬ್ಬರು 30 ಫ್ರೇಮ್‌ನಲ್ಲಿ ಕಳಿಸಿದರೆ ಜೋಡಿಸುವಾಗ ಚಲನೆ ಕುಂಟುತ್ತದೆ. ಆದ್ದರಿಂದ ಎಲ್ಲರಿಗೂ 24, ಅಳತೆ 1920ಕ್ಕೆ 1080 ಪಿಕ್ಸೆಲ್, ಕಳಿಸುವುದು ಪಿಎನ್‌ಜಿ ಚಿತ್ರಗಳ ಸಾಲು. ಕಂಪ್ಯೂಟರ್ ವಿಡಿಯೋ ತಯಾರಿಸುತ್ತಿರುವಾಗ ನಡುವೆ ಕರೆಂಟ್ ಹೋದರೆ ಫೈಲೇ ಹಾಳಾಗಬಹುದು. ಚಿತ್ರಗಳ ಸಾಲಾದರೆ ಆಗಿದ್ದಷ್ಟು ಉಳಿಯುತ್ತದೆ. ನಮ್ಮ ಆಟಿ ತಿಂಗಳ ಜಡಿಮಳೆಗೆ ಇದು ಬೇಕೇ ಬೇಕು. ಅಕ್ಟೋಬರ್ 28ಕ್ಕೆ, ಅಂದರೆ ಅಂತಾರಾಷ್ಟ್ರೀಯ ಆನಿಮೇಷನ್ ದಿನಕ್ಕೆ, ಜೋಡಿಸಿದ್ದನ್ನು ಎಲ್ಲರೂ ಒಟ್ಟಿಗೆ ನೋಡುತ್ತೇವೆ. 1892ರಲ್ಲಿ ಎಮಿಲ್ ರೆನೊ ಪ್ಯಾರಿಸ್‌ನಲ್ಲಿ ಕೈಯಿಂದ ಬಿಡಿಸಿದ ಚಿತ್ರಗಳನ್ನು ಜನರ ಮುಂದೆ ಓಡಿಸಿ ತೋರಿಸಿದ ದಿನ ಅದು.

ಗಡುವು ಮೀರಿದವರನ್ನು ಗುಂಪಿನಲ್ಲಿ ಕೇಳುವುದಿಲ್ಲ. ಬೇರೆಯಾಗಿ ಒಂದು ಮೆಸೇಜ್: ‘ಎಲ್ಲಿಗೆ ಮುಟ್ಟಿತು? ಆದಷ್ಟು ಕಳಿಸಿ.’ ಎರಡೇ ಸೆಕೆಂಡ್ ಬಂದರೂ ಅದನ್ನೇ ಮುಂದಿನವರಿಗೆ ಕೊಡುತ್ತೇನೆ. ಈ ಸಲದ ರಿಲೇಯ ಉಸ್ತುವಾರಿ ಕಾರ್ಕಳದ ಆ ಅಮ್ಮನದು. ಅವರು ನನಗಿಂತ ಖಡಕ್. ಫೈಲಿನ ಹೆಸರಿನಲ್ಲಿ ‘ಫೈನಲ್’ ಅಂತ ಇದ್ದರೆ ತೆರೆದೂ ನೋಡದೆ ವಾಪಸ್ ಕಳಿಸುತ್ತಾರಂತೆ.