ಕಬ್ಬಿನ ಬಿಲ್ (ಪಾವತಿ ಲೆಕ್ಕ) ನಿಯಮಗಳಿಗೊಂದು ಪುಟ್ಟ ಭಾಷೆ: ಯಾವ ಉಪಕರಣ ಆಯ್ದುಕೊಳ್ಳಬೇಕು?

ಮುಧೋಳದ ಸಕ್ಕರೆ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದವರೇ ‘ತೂಕ 20 ಟನ್ ಮೀರಿದರೆ ಸಾಗಣೆ ದರ ಬದಲು’ ಎಂಬಂಥ ನಿಯಮಗಳನ್ನು ಕಂಪ್ಯೂಟರಿಗೆ ಬರೆಯುವಂತಾಗಬೇಕಿದ್ದರೆ, ಮೊದಲು ಅಂಥ ವಾಕ್ಯಗಳನ್ನು ಅವರಿಂದಲೇ ಬರೆಸಿಕೊಳ್ಳಿ; ಅವೇ ನೀವು ಕಟ್ಟುವ ಪುಟ್ಟ ಭಾಷೆಗೆ ಮಾದರಿ. ವಾಕ್ಯ ಓದಿ ಅದರ ರಚನೆ ಬಿಡಿಸುವ ಪಾರ್ಸರ್ ಅಷ್ಟೇ ಸಾಕೆಂದರೆ ಆಂಟ್ಲರ್ 4 (ANTLR) ಎಂಬ ಉಪಕರಣ ಹಗುರ. ಪುಟ್ಟ ಭಾಷೆಯ ರಚನೆ ಬರೆದಿಟ್ಟ ವ್ಯಾಕರಣದ ಕಡತದಿಂದ ಅದು ಜಾವಾ, ಪೈಥಾನ್ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಾರ್ಸರ್ ಸಿದ್ಧಪಡಿಸುತ್ತದೆಯಾದರೂ ನಿಯಮ ಬರೆಯುವ ಎಡಿಟರನ್ನೂ ಅದನ್ನು ಪ್ರೋಗ್ರಾಮಾಗಿ ಬದಲಿಸುವ ಕೋಡ್ ಜನರೇಟರನ್ನೂ ನೀವೇ ಕಟ್ಟಬೇಕು. ಬರೆಯುವಾಗಲೇ ತಪ್ಪು ತೋರಿಸುವ ಎಡಿಟರ್ ಬೇಕಿದ್ದರೆ ಜಾವಾದ ಎಕ್ಸ್‌ಟೆಕ್ಸ್ಟ್ ಅಥವಾ ಟೈಪ್‌ಸ್ಕ್ರಿಪ್ಟಿನ ಲ್ಯಾಂಗಿಯಮ್ ಇವೆ. ವಿಎಸ್ ಕೋಡ್ ಎಂಬ ಎಡಿಟರ್ ಬಳಸುವ ತಂಡಕ್ಕೆ ಎರಡನೆಯದೇ ಲೇಸು. ಜೆಟ್‌ಬ್ರೇನ್ಸ್ ಎಂಪಿಎಸ್ ಎಂಬ ಉಪಕರಣ ಪಾರ್ಸರ್ ಇಲ್ಲದೆಯೇ ವಾಕ್ಯವೃಕ್ಷವನ್ನು (ವಾಕ್ಯದ ಭಾಗಗಳನ್ನು ಮರದಂತೆ ಜೋಡಿಸಿದ ರಚನೆ) ನೇರವಾಗಿ ತಿದ್ದಿಸುವುದರಿಂದ ದರಪಟ್ಟಿಯ ಕೋಷ್ಟಕವೂ ಭಾಷೆಯೊಳಗೆ ಬರಬಲ್ಲದು, ಕಲಿಕೆ ಮಾತ್ರ ದೀರ್ಘ. ಪಾರ್ಸರ್ ಯಾವುದೇ ಇರಲಿ, ಹೆಸರುಗಳನ್ನು ಗುರುತಿಸುವ ನಿಯಮದಲ್ಲಿ ಕನ್ನಡದ ಅಕ್ಷರಗಳ ಜೊತೆಗೆ ಗುಣಿತಾಕ್ಷರದ ಚಿಹ್ನೆಗಳನ್ನೂ (ದೀರ್ಘ, ಕೊಂಬು ಮುಂತಾದವು) ಸೇರಿಸಿ. ಇಲ್ಲವಾದರೆ ‘ತೂಕ’ ಎಂಬ ಹೆಸರು ‘ತ’ದಲ್ಲೇ ತುಂಡಾಗುತ್ತದೆ.