ಸತ್ಯಶೋಧನೆಯ ಸಂದರ್ಶನ: ಕೇಳುವ ಕ್ರಮ, ಬರೆದಿಡುವ ಕ್ರಮ

ದೂರು, ಅಪಘಾತ ಅಥವಾ ಲೆಕ್ಕಪತ್ರದ ಲೋಪವೊಂದರ ನಿಜಾಂಶ ತಿಳಿಯಲು ಜನರನ್ನು ಮಾತನಾಡಿಸುವವರು, ತಮ್ಮ ಪ್ರಶ್ನೆ ಎದುರಿನವರ ನೆನಪನ್ನೇ ತಿದ್ದಿಬಿಡಬಲ್ಲದು ಎಂಬುದನ್ನು ಮೊದಲು ಮನಗಾಣಬೇಕು. ಮನೋವಿಜ್ಞಾನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾರು ಅಪಘಾತದ ಚಲನಚಿತ್ರ ತುಣುಕು ನೋಡಿದ ವಿದ್ಯಾರ್ಥಿಗಳ ಪೈಕಿ, ಕಾರುಗಳು ಪರಸ್ಪರ ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತೆಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40.5 ಮೈಲಿ ಎಂದರು. ‘ತಾಗಿದಾಗ’ ಎಂಬ ಪದ ಕೇಳಿದವರು 31.8 ಮೈಲಿ ಎಂದರು. ಇಂಥದೇ ಮತ್ತೊಂದು ಪ್ರಯೋಗದಲ್ಲಿ, ಚಿತ್ರದಲ್ಲಿ ಇಲ್ಲದೇ ಇದ್ದ ಒಡೆದ ಗಾಜನ್ನು ಕಂಡೆವೆಂದು ವಾರದ ಬಳಿಕ ಹೇಳಿದವರು, ‘ಅಪ್ಪಳಿಸಿದ’ ಗುಂಪಿನ 50 ಮಂದಿಯಲ್ಲಿ 16 ಜನ.

ಆದ್ದರಿಂದ ಸಿದ್ಧತೆಯ ಹಂತದಲ್ಲೇ ಲಭ್ಯ ದಾಖಲೆಗಳನ್ನು ಓದಿ, ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಯಾವುದು ಗೊತ್ತಿದೆ, ಯಾವುದು ತಿಳಿಯಬೇಕಿದೆ ಎಂಬುದನ್ನು ಬೇರ್ಪಡಿಸಿಕೊಳ್ಳಿ. ಸಾಕ್ಷಿಗಳನ್ನು ಒಬ್ಬೊಬ್ಬರಾಗಿಯೇ ಮಾತನಾಡಿಸಿ. ಉದ್ದೇಶವನ್ನು ಆರಂಭದಲ್ಲೇ ತಿಳಿಸಿ, ಆದರೆ ಸಂಪೂರ್ಣ ಗೋಪ್ಯತೆಯ ಭರವಸೆ ಕೊಡಬೇಡಿ; ಹೇಳಿಕೆಯನ್ನು ಮುಂದೆ ಇತರರು ಓದಬೇಕಾಗಬಹುದು, ಮಾತು ತಪ್ಪಿದರೆ ನಂಬಿಕೆಯೂ ಹೋಗುತ್ತದೆ.

‘ಅಂದು ನಡೆದದ್ದನ್ನು ಮೊದಲಿನಿಂದ ಹೇಳಿ’ ಎಂದು ಕೇಳಿ ಸುಮ್ಮನಾಗಿ. ಈ ಸುಮ್ಮನಿರುವಿಕೆಯೇ ಅತ್ಯಂತ ಕಷ್ಟದ ಅಭ್ಯಾಸವೆಂದು ನನಗನಿಸುತ್ತದೆ, ಏಕೆಂದರೆ ಮಾತು ನಿಂತೊಡನೆ ಮುಂದಿನ ಪ್ರಶ್ನೆ ಎಸೆಯುವ ಆತುರ ಎಲ್ಲರಲ್ಲೂ ಇರುತ್ತದೆ, ಆದರೆ ಆ ಕೆಲವು ಕ್ಷಣಗಳಲ್ಲಿಯೇ ಸಾಕ್ಷಿ ಇನ್ನೊಂದು ವಿವರವನ್ನು ನೆನಪಿಸಿಕೊಳ್ಳುತ್ತಿರಬಹುದು. ಮನೋವಿಜ್ಞಾನಿಗಳಾದ ಫಿಶರ್ ಮತ್ತು ಗೈಸೆಲ್ಮನ್ 1980ರ ದಶಕದಲ್ಲಿ ರೂಪಿಸಿದ ಅರಿವಿನ ಸಂದರ್ಶನ ವಿಧಾನವು, ಸಾಕ್ಷಿ ಆ ಸ್ಥಳ ಮತ್ತು ಸನ್ನಿವೇಶವನ್ನು ಮನಸ್ಸಿನಲ್ಲಿ ಮರಳಿ ಕಟ್ಟಿಕೊಂಡು, ಕ್ಷುಲ್ಲಕವೆನಿಸಿದ್ದನ್ನೂ ಬಿಡದೆ ಹೇಳುವಂತೆ ಮಾಡುತ್ತದೆ. ಅವರ ಕಥನ ಮುಗಿದ ಮೇಲಷ್ಟೇ ‘ಯಾರು, ಎಲ್ಲಿ, ಯಾವಾಗ’ ಎಂದು ಬಿಡಿಸಿ ಕೇಳಿ. ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆಗಳು ಕೊನೆಗಿರಲಿ. ‘ಅವರು ಕೂಗಾಡಿದರಲ್ಲವೇ?’ ಎಂಬಂಥ, ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆ ಎಂದಿಗೂ ಬೇಡ. ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂಬುದನ್ನು ಮಾತ್ರ ಮತ್ತೆ ಮತ್ತೆ ಕೇಳಿ.

ದಾಖಲಿಸುವಾಗ ದಿನಾಂಕ, ಸ್ಥಳ, ಆರಂಭ ಮತ್ತು ಮುಕ್ತಾಯದ ಸಮಯ, ಹಾಜರಿದ್ದವರು, ನಡುವಿನ ವಿರಾಮ ಎಲ್ಲವೂ ಬರಬೇಕು. ಧ್ವನಿಮುದ್ರಣ ಮಾಡುವುದಾದರೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ಮುಖ್ಯ ಮಾತುಗಳನ್ನು ಅವರದೇ ಪದಗಳಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ‘ಅವರು ಗಾಬರಿಯಾಗಿದ್ದರು’ ಎಂಬುದು ನಿಮ್ಮ ತೀರ್ಮಾನ. ‘ಉತ್ತರಿಸುವ ಮುನ್ನ ಎರಡು ಬಾರಿ ಪತ್ರವನ್ನು ಓದಿದರು’ ಎಂಬುದು ನೀವು ಕಂಡದ್ದು. ಸಾಕ್ಷಿ ಕಣ್ಣಾರೆ ಕಂಡದ್ದು, ಇತರರಿಂದ ಕೇಳಿದ್ದು, ಊಹಿಸಿದ್ದು – ಇವು ಮೂರೂ ಬೆರೆಯದಂತೆ ಪ್ರತ್ಯೇಕವಾಗಿ ಗುರುತಿಸಿ, ನಿಮ್ಮ ಅನಿಸಿಕೆಗಳಿಗೆ ಬೇರೆ ಹಾಳೆಯನ್ನೇ ಇಡಿ.

ಅದೇ ದಿನ ಟಿಪ್ಪಣಿಯನ್ನು ವಿಸ್ತರಿಸಿ ಬರೆದು, ಸಾಕ್ಷಿಗೆ ಓದಲು ಕೊಟ್ಟು, ಅವರು ಸೂಚಿಸಿದ ತಿದ್ದುಪಡಿಗಳು ಕಾಣುವಂತೆಯೇ ಉಳಿಸಿ, ಸಹಿ ಮತ್ತು ದಿನಾಂಕ ಪಡೆಯಿರಿ. ಶುದ್ಧ ಪ್ರತಿ ಸಿದ್ಧವಾದ ಮೇಲೂ ಕೈಬರಹದ ಮೂಲ ಟಿಪ್ಪಣಿಯನ್ನು ಹರಿಯಬಾರದು; ಹೇಳಿಕೆಯ ಬಗ್ಗೆ ವಿವಾದವೆದ್ದಾಗ ಮೊದಲು ಕೇಳಲಾಗುವುದು ಅದನ್ನೇ.